ಇಳಕಲ್ಲ ಸೀರೆಯ ಕೊಂಡಿ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧಗಳ ಇಸವಿ, ಕೋಟೆ ಕೊತ್ತಲಗಳ ವರ್ಣನೆ ಎಂದೇ ನಮ್ಮಲ್ಲಿ ಬಹುಮಂದಿ ತಿಳಿದಿರುವರು. ನಮ್ಮ ಕಾಲೇಜಿನ ಇತಿಹಾಸ ಸಂಘದವರಾದ ನಾವೂ ಈ ತಿಳಿವಳಿಕೆಗೆ ಹೊರತಾದವರಲ್ಲ. ಹಿಂದಿನ ವರ್ಷಗಳಲ್ಲಿ ನಾವು ಐಹೊಳೆಗೆ ಹೋದೆವು, ಪಟ್ಟದಕಲ್ಲಿಗೆ ಹೋದೆವು, ಬಾದಾಮಿಯ ಮೇಣಬಸದಿಗಳನ್ನು ಹತ್ತಿಳಿದೆವು, ಕೂಡಲಸಂಗಮದಲ್ಲಿ ಕೃಷ್ಣೆಯೂ ಮಲಪ್ರಭೆಯೂ ಸೇರುವುದನ್ನು ಕಂಡೆವು. ಕಂಡದ್ದೆಲ್ಲ ಬಹುಮಟ್ಟಿಗೆ ಕಲ್ಲಿನ ಇತಿಹಾಸ. ಈ ವರ್ಷದ ಪ್ರವಾಸದ ಮಾತು ಬಂದಾಗ ನಮ್ಮ ಅಧ್ಯಾಪಕರು, “ಈ ಸಲ ನೂಲಿನ ಇತಿಹಾಸವನ್ನು ನೋಡೋಣ” ಎಂದರು. ಹೀಗೆ ನಾವು ಇಪ್ಪತ್ತೆರಡು ಮಂದಿ ವಿದ್ಯಾರ್ಥಿ ವಿದ್ಯಾರ್ಥಿನಿಯರು ಒಂದು ಭಾನುವಾರ ಬೆಳಗಿನ ಬಸ್ಸಿನಲ್ಲಿ ಇಳಕಲ್ಲಿಗೆ ಹೊರಟೆವು.

ಹೊರಡುವ ಮುನ್ನ ನಾವು ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿಕೊಂಡಿದ್ದೆವು. ಮಗ್ಗದ ಯಜಮಾನನ ಹೆಸರು, ವಯಸ್ಸು, ಎಷ್ಟು ತಲೆಮಾರಿನಿಂದ ಈ ಕಸುಬು, ಮನೆಯಲ್ಲಿರುವ ಮಗ್ಗಗಳ ಸಂಖ್ಯೆ, ನೇಯುವವರ ಸಂಖ್ಯೆ, ಹೀಗೆ ಹತ್ತು ಹನ್ನೆರಡು ಪ್ರಶ್ನೆಗಳು. ಇದು ಬಹು ಶಾಸ್ತ್ರೀಯವಾದ ಪ್ರಶ್ನಾವಳಿಯೆಂದು ನಮಗೆ ಹೆಮ್ಮೆಯಿತ್ತು. ಇದರಲ್ಲಿ ಒಂದು ದೊಡ್ಡ ದೋಷವಿತ್ತೆಂಬುದು ನಮಗೆ ತಿಳಿದುಬಂದದ್ದು ಒಬ್ಬ ತಾಯಿಯ ಮುಂದೆ ಕುಳಿತಾಗ. ಆ ಮಾತನ್ನು ಮುಂದೆ ಹೇಳುವೆನು. ಮೊದಲು ಊರಿನ ಪರಿಚಯ ಆಗಲಿ.

ಇಳಕಲ್ಲು ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಈ ಜಿಲ್ಲೆ ಆಗುವವರೆಗೆ ಅದು ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನ ಊರಾಗಿತ್ತು. 1956ರ ಏಕೀಕರಣದವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಈಗ ತಾನೇ ಒಂದು ತಾಲೂಕಿನ ಕೇಂದ್ರವಾಗಿದೆ. ಹುನಗುಂದವನ್ನು ದಾಟಿ ಕುಷ್ಟಗಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಈ ಊರು ಸಿಗುತ್ತದೆ. ಸುತ್ತಲಿನ ನೆಲದಲ್ಲಿ ಕೆಂಪು ಕಣಶಿಲೆ ಹೇರಳ. ಇಳಕಲ್ಲಿನ ಕೆಂಪು ಗ್ರಾನೈಟ್ ದೂರದೇಶಗಳಿಗೂ ಹೋಗುತ್ತದೆ. ಊರಿನ ನಡುವೆ ವಿಜಯ ಮಹಾಂತೇಶ ಮಠವಿದೆ. ಆದರೆ ಊರಿನ ಹೆಸರನ್ನು ಮನೆಮನೆಗೆ ಕೊಂಡೊಯ್ದದ್ದು ಕಲ್ಲಲ್ಲ, ಸೀರೆ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮದುವೆ, ಸೀಮಂತ, ನಾಗರ ಪಂಚಮಿ ಯಾವುದೂ ಇಳಕಲ್ಲ ಸೀರೆಯಿಲ್ಲದೆ ನಡೆದದ್ದು ಕಡಮೆ. ಅದಕ್ಕೆ ಜೊತೆಯಾಗಿ ಗುಳೇದಗುಡ್ಡದ ಖಣದ ಕುಪ್ಪಸ. ಎರಡೂ ಊರುಗಳು ಒಂದೇ ಜಿಲ್ಲೆಯವೆಂಬುದು ನಮಗೆ ಅಭಿಮಾನದ ಸಂಗತಿ.

ಬಸ್ಸಿಳಿದು ನೇಕಾರರ ಓಣಿಯನ್ನು ಹೊಕ್ಕೊಡನೆ ಕಣ್ಣಿಗಿಂತ ಮೊದಲು ಕಿವಿಗೆ ಮಗ್ಗದ ಗುರುತು ಹತ್ತಿತು. ಒಂದೊಂದು ಬಾಗಿಲಿನಿಂದಲೂ ಖಟ್ ಖಟ್ ಎಂಬ ಸದ್ದು. ಮುಂದೆ ಹೋದಂತೆ ವಿದ್ಯುತ್ ಮಗ್ಗಗಳ ಭರಾಟೆಯೂ ಕೇಳಿಬಂತು. ಎರಡು ಸದ್ದುಗಳ ಭೇದ ಸ್ಪಷ್ಟವಾಗಿದೆ. ವಿದ್ಯುತ್ ಮಗ್ಗದ ಸದ್ದಿಗೆ ಬಿಡುವಿಲ್ಲ. ಕೈಮಗ್ಗದ ಸದ್ದು ನಡುನಡುವೆ ನಿಲ್ಲುತ್ತದೆ, ಎಳೆ ಕಡಿದಾಗ, ಲಾಳಿ ಬದಲಿಸುವಾಗ, ನೇಕಾರನು ಒಂದು ಗುಟುಕು ಚಹಾ ಕುಡಿಯುವಾಗ.

ನಮ್ಮನ್ನು ಒಳಗೆ ಕರೆದ ಹಿರಿಯರು ಅರವತ್ತರ ಸಮೀಪದವರು. “ಬರ್ರಿ, ಬರ್ರಿ. ಚಪ್ಲಿ ಅಲ್ಲೇ ಬಿಟ್ಟು ಬರ್ರಿ. ಕೂಡ್ರಾಕ ಜಾಗಾ ಸಣ್ಣದೈತಿ” ಎಂದು ತಾವು ಮಗ್ಗದಿಂದ ಮೇಲೆದ್ದರು. ಎದ್ದರು ಎನ್ನುವುದಕ್ಕಿಂತ ಕುಣಿಯಿಂದ ಮೇಲೆ ಬಂದರು ಎನ್ನುವುದು ಸರಿ. ಇಳಕಲ್ಲಿನ ಹಳೆಯ ಮಗ್ಗ ಕುಣಿಮಗ್ಗ. ನೆಲದಲ್ಲಿ ಸೊಂಟದ ಮಟ್ಟಕ್ಕೆ ಒಂದು ಕುಣಿ. ನೇಕಾರನು ಅದರ ಅಂಚಿನಲ್ಲಿ ಕುಳಿತು ಕಾಲುಗಳನ್ನು ಒಳಗೆ ಇಳಿಬಿಟ್ಟು, ಕೆಳಗಿರುವ ತುಳಿಗೋಲುಗಳನ್ನು ತುಳಿಯುತ್ತಾನೆ. ತುಳಿದಾಗ ಹಾಸಿನ ಎಳೆಗಳಲ್ಲಿ ಕೆಲವು ಮೇಲಕ್ಕೂ ಕೆಲವು ಕೆಳಕ್ಕೂ ಸರಿದು ನಡುವೆ ದಾರಿ ಬಿಡುತ್ತವೆ. ಆ ದಾರಿಯಲ್ಲಿ ಲಾಳಿ ಓಡುತ್ತದೆ. ನೆಲದ ತಂಪಿನಿಂದ ಹತ್ತಿಯ ಎಳೆ ಒಣಗಿ ಕಡಿಯುವುದಿಲ್ಲವೆಂಬುದು ಕುಣಿಯ ಇನ್ನೊಂದು ಗುಣ. ಹಗ್ಗವನ್ನು ಜಗ್ಗಿ ಲಾಳಿಯನ್ನು ಓಡಿಸುವ ಯುಕ್ತಿಯನ್ನು 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬಾತನು ಕಂಡುಹಿಡಿದನು; ನಮ್ಮ ದೇಶದ ಕುಣಿಮಗ್ಗಗಳಿಗೆ ಅದು ಬಂದದ್ದು ಬಹುಕಾಲದ ಅನಂತರ. ಅದಕ್ಕೆ ಮೊದಲು ಲಾಳಿಯನ್ನು ಕೈಯಿಂದ ಕೈಗೆ ಎಸೆಯಬೇಕಾಗಿತ್ತು. ಸೆರಗನ್ನು ನೇಯುವಾಗ ಇಂದಿಗೂ ಕೈಯಿಂದಲೇ ದಾಟಿಸಬೇಕು. ಅದಕ್ಕೆ ಕಾರಣವನ್ನು ತಿಳಿಯಬೇಕಾದರೆ ಸೀರೆಯ ರಚನೆಯನ್ನು ಅರಿಯಬೇಕು.

ಇಳಕಲ್ಲ ಸೀರೆಗೆ ಮೂರು ಭಾಗ: ಒಡಲು, ದಡಿ, ಸೆರಗು. ಒಡಲು ಸಾಮಾನ್ಯವಾಗಿ ಹತ್ತಿಯದು. ಸಾದಾ ಇರಬಹುದು, ಪಟ್ಟೆಯಿರಬಹುದು, ಚೌಕುಳಿಯಿರಬಹುದು. ದಾಳಿಂಬೆ ಕೆಂಪು, ನವಿಲಿನ ಬಣ್ಣ, ಗಿಳಿಹಸುರು, ಕಪ್ಪಿನ ಚಂದ್ರಕಾಳಿ ಎಂದು ಬಣ್ಣಗಳು ಹಲವು. ಗಿರಿಕುಂಕುಮವೆಂಬ ವಿಶೇಷ ಕೆಂಪು ಕೂಡ ಉಂಟು. ದಡಿ ನಾಲ್ಕರಿಂದ ಆರು ಅಂಗುಲ ಅಗಲದ್ದು. ಅದರಲ್ಲಿ ಗೋಮಿ, ಚಿಕ್ಕಿ ಪರಾಸ, ಹೂ ಪರಾಸ, ಗಾಡಿ ಎಂಬ ಜಾತಿಗಳಿವೆ. ಗೋಮಿಯನ್ನೇ ಜನ ಇಳಕಲ್ಲ ದಡಿ ಎನ್ನುವುದುಂಟು. ಇನ್ನು ಸೆರಗು. ಮೂರು ಕಡೆ ಗಾಢ ಕೆಂಪು, ಅವುಗಳ ನಡುವೆ ಎರಡು ಕಡೆ ಬಿಳಿ. ಕೆಂಪೂ ಬಿಳಿಯೂ ಕೂಡುವಲ್ಲಿ ಹಲ್ಲುಹಲ್ಲಾದ ಆಕೃತಿಗಳು. ಬಾಚಣಿಗೆಯಂತಿದ್ದರೆ ಹಣಿಗೆ, ಕೋಟೆಯ ತೆನೆಗಳಂತಿದ್ದರೆ ಕೋಟಿಕಮ್ಮಿ, ಜೋಳದ ತೆನೆಯಂತಿದ್ದರೆ ತೋಪುತೆನಿ, ಬೆಟ್ಟದ ಸಾಲಿನಂತಿದ್ದರೆ ರಂಪ. ಬಾಚಣಿಗೆ, ಕೋಟೆ, ಜೋಳ, ಗುಡ್ಡ! ಈ ಸೀಮೆಯ ಜನ ತಮ್ಮ ಕಣ್ಣ ಮುಂದೆ ಇದ್ದದ್ದನ್ನೇ ಸೆರಗಿಗೆ ಇಳಿಸಿದರು. ಇವುಗಳಲ್ಲಿ ತೋಪುತೆನಿಯ ಹೆಸರೇ ಒಟ್ಟು ಸೆರಗಿಗೂ ನಿಂತಿದೆ.

ಈಗ ಮುಖ್ಯವಾದ ಮಾತು. ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ನೂಲು ಹಾಸು, ಅಡ್ಡಕ್ಕೆ ಹೋಗುವ ನೂಲು ಹೊಕ್ಕು. ಒಡಲಿನ ಹಾಸು ನೀಲಿಯಾಗಿದೆಯೆಂದು ಭಾವಿಸೋಣ. ಅದರ ಮೇಲೆ ಕೆಂಪು ಹೊಕ್ಕನ್ನು ಹಾಕಿದರೆ ಬರುವ ಬಣ್ಣ ಕೆಂಪಲ್ಲ. ನೀಲಿಯೂ ಕೆಂಪೂ ಬೆರೆತ ಮೂರನೆಯ ಒಂದು ಬಣ್ಣ. ಅಚ್ಚಗೆಂಪು ಸೆರಗು ಬೇಕಾದರೆ ಹೊಕ್ಕು ಕೆಂಪಾದರೆ ಸಾಲದು, ಹಾಸೂ ಕೆಂಪಾಗಬೇಕು. ಆದರೆ ಹಾಸು ಸೀರೆಯ ಈ ತುದಿಯಿಂದ ಆ ತುದಿಯವರೆಗೆ ಓಡುವ ನೂಲು. ಅದು ನಡುದಾರಿಯಲ್ಲಿ ನೀಲಿಯಿಂದ ಕೆಂಪಿಗೆ ತಿರುಗುವುದು ಹೇಗೆ? ಹತ್ತಿಯಿಂದ ರೇಷ್ಮೆಗೆ ತಿರುಗುವುದು ಹೇಗೆ?

ಇಳಕಲ್ಲಿನವರು ಇದಕ್ಕೆ ಕಂಡುಕೊಂಡ ಉತ್ತರವೇ ಕೊಂಡಿ. ಒಡಲಿಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಎರಡರ ತುದಿಗಳನ್ನೂ ಎದುರುಬದುರಾಗಿ ತಂದು ಒಂದೊಂದು ಎಳೆಯನ್ನೂ ಕುಣಿಕೆಯಾಗಿ ಒಂದರೊಳಗೊಂದು ತೊಡರಿಸುತ್ತಾರೆ. ನಾವು ಎರಡು ಕೈಗಳ ಬೆರಳುಗಳನ್ನು ಮಡಿಸಿ ಒಂದಕ್ಕೊಂದು ಕೊಕ್ಕೆ ಹಾಕಿ ಎಳೆದರೆ ಹೇಗೆ ಬಿಗಿಯಾಗಿ ನಿಲ್ಲುವುದೋ ಹಾಗೆ. ಸೀರೆಯ ಅಗಲದುದ್ದಕ್ಕೂ ಇಂತಹ ಎಳೆಗಳು ಸಾವಿರಗಟ್ಟಲೆ. ಒಂದು ತಪ್ಪಿದರೆ ಅಲ್ಲಿ ಬಿರುಕು ಕಾಣುವುದು. ಒಂದು ಸಡಿಲಾದರೆ ನೇಯುವಾಗ ಕಡಿಯುವುದು. ಸೆರಗನ್ನು ನೇಯುವಾಗ ಮತ್ತೆ ಬೇರೊಂದು ಬಗೆಯ ಕೊಂಡಿ: ಮೂರು ಲಾಳಿಗಳನ್ನು ಹಿಡಿದು, ಬದಿಗಳಿಗೆ ಒಂದು ಬಣ್ಣ, ನಡುವಿಗೆ ಇನ್ನೊಂದು ಬಣ್ಣ ಹಾಕುತ್ತ, ಎರಡು ಬಣ್ಣದ ಹೊಕ್ಕುಗಳು ಎದುರಾದಲ್ಲಿ ಒಂದನ್ನೊಂದು ಹಿಡಿಯುವಂತೆ ತಿರುಗಿಸಬೇಕು. ಹಗ್ಗ ಜಗ್ಗಿ ಲಾಳಿ ಓಡಿಸಿದರೆ ಅದು ಈ ಬದಿಯಿಂದ ಆ ಬದಿಗೆ ಹೋಗಿಬಿಡುವುದು. ಸೆರಗಿಗೆ ಕೈಯೇ ಬೇಕು ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಈ ಕೊಂಡಿಯಿಂದ ಒಂದು ಲಾಭವುಂಟು, ಒಂದು ಕಷ್ಟವುಂಟು. ಲಾಭವೇನೆಂದರೆ ಬೆಲೆಯುಳ್ಳ ರೇಷ್ಮೆಯನ್ನು ಸೆರಗಿಗೂ ದಡಿಗೂ ಮಾತ್ರ ಬಳಸಿ, ಒಡಲನ್ನು ಹತ್ತಿಯಲ್ಲಿ ನೇಯಬಹುದು. ಪೂರ್ಣ ರೇಷ್ಮೆಯ ಸೀರೆಯನ್ನು ಕೊಳ್ಳಲಾರದ ಒಕ್ಕಲಗಿತ್ತಿಯೂ ತಲೆಯ ಮೇಲೆ ರೇಷ್ಮೆಯ ಸೆರಗನ್ನು ಹೊದ್ದಳು. ಹೊಲದ ಕೆಲಸಕ್ಕೆ ಒಡಲು ಗಟ್ಟಿಯಾಗಿಯೂ ಉಳಿಯಿತು. ಕಷ್ಟವೇನೆಂದರೆ ಒಂದು ಹಾಸಿಗೆ ಒಂದೇ ಸೀರೆ. ಬೇರೆ ಕಡೆಗಳಲ್ಲಿ ಉದ್ದವಾದ ಹಾಸೊಂದನ್ನು ಮಗ್ಗಕ್ಕೆ ಏರಿಸಿ ನಾಲ್ಕಾರು ಸೀರೆಗಳನ್ನು ಸಾಲಾಗಿ ನೇಯುವುದುಂಟು. ಇಲ್ಲಿ ಆರು ಗಜವೋ, ಎಂಟು ಗಜವೋ, ಒಂಬತ್ತು ಗಜವೋ, ಅಷ್ಟೇ ಉದ್ದದ ಹಾಸು. ಸೀರೆ ಮುಗಿದೊಡನೆ ಮತ್ತೆ ಹೊಸ ಹಾಸು, ಮತ್ತೆ ಹೊಸ ಕೊಂಡಿ. ಎಲ್ಲ ಕೆಲಸವೂ ಸೇರಿ ಒಂದು ಸೀರೆಗೆ ಒಂದು ವಾರ ಹಿಡಿಯುವುದು ಅಪರೂಪವಲ್ಲ.

ಇಷ್ಟನ್ನು ಹಿರಿಯರು ನಮಗೆ ಮಗ್ಗದ ಮೇಲೆ ಬೆರಳಿಟ್ಟು ತೋರಿಸಿ ತಿಳಿಸಿದರು. ನಮ್ಮ ಗೆಳೆಯನೊಬ್ಬನು ಕುಣಿಗೆ ಇಳಿದು ಹತ್ತು ಸಲ ಲಾಳಿ ಓಡಿಸಿದನು. ಮೂರು ಎಳೆ ಕಡಿದವು. ಹಿರಿಯರು ನಗುತ್ತ, “ಇರ್ಲಿ ಬಿಡೋ ತಮ್ಮಾ, ನನಗೂ ಮೊದಲಿಗೆ ನಮ್ಮಪ್ಪ ಇದಕ್ಕ ಬಡದಾನ” ಎಂದು ಎಳೆಗಳನ್ನು ಕ್ಷಣದಲ್ಲಿ ಗಂಟು ಹಾಕಿ ಸರಿಮಾಡಿದರು.

ಅನಂತರ ನಾವು ಪ್ರಶ್ನಾವಳಿಯನ್ನು ಹೊರತೆಗೆದೆವು. ಹೆಸರು, ವಯಸ್ಸು, ನಾಲ್ಕು ತಲೆಮಾರಿನ ಕಸುಬು, ಮಗ್ಗ ಒಂದು. “ಮನೆಯಲ್ಲಿ ನೇಯುವವರು ಎಷ್ಟು ಮಂದಿ?” “ನಾ ಒಬ್ಬನ ರೀ.” ಒಂದು ಎಂದು ಬರೆದುಕೊಂಡೆವು.

ನಮ್ಮ ಜೊತೆಗಿದ್ದ ವಿದ್ಯಾರ್ಥಿನಿಯರು ಅಷ್ಟರಲ್ಲಿ ಒಳಮನೆಗೆ ಹೋಗಿದ್ದರು. ಅಲ್ಲಿ ಮುದುಕಿಯೊಬ್ಬಳು ರಾಟೆಯ ಮುಂದೆ ಕುಳಿತು ಲಾಳಿಯೊಳಗೆ ಕೂಡಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಹಿರಿಯರ ಹೆಂಡತಿ ಬೆಳಕಿಂಡಿಯ ಕೆಳಗೆ ಕುಳಿತು ಮುಂದಿನ ಸೀರೆಯ ಕೊಂಡಿಯನ್ನು ಹಾಕುತ್ತಿದ್ದರು. ಬೆರಳುಗಳು ಎಷ್ಟು ವೇಗವಾಗಿ ಆಡುತ್ತಿದ್ದುವೆಂದರೆ ಕುಣಿಕೆ ಬಿದ್ದದ್ದು ಕಾಣುತ್ತಿರಲಿಲ್ಲ, ಬಿದ್ದಾದ ಮೇಲೆಯೇ ಕಾಣುತ್ತಿತ್ತು. ನಮ್ಮ ತರಗತಿಯ ಹುಡುಗಿಯೊಬ್ಬಳು ಪ್ರಶ್ನಾವಳಿಯಂತೆ, “ನೀವೇನು ಕೆಲಸ ಮಾಡ್ತೀರವ್ವಾ?” ಎಂದು ಕೇಳಿದಳು. ಆ ತಾಯಿ ತಲೆಯೆತ್ತದೆ ಹೇಳಿದರು: “ನಾ ಏನ್ ಮಾಡ್ತೀನವ್ವಾ? ಮನ್ಯಾಗ ಇರ್ತೀನಿ. ನೇಯೋರು ಅವರ.”

ಹಾಗೆನ್ನುವಾಗಲೂ ಅವರ ಕೈ ನಿಲ್ಲಲಿಲ್ಲ. ಹುಡುಗಿ ಬರೆಯಲು ಲೇಖನಿಯೆತ್ತಿದವಳು ಹಾಗೆಯೇ ಕುಳಿತಳು. ಬಾಗಿಲಲ್ಲಿ ನಿಂತಿದ್ದ ಹಿರಿಯರು ಈ ಮಾತನ್ನು ಕೇಳಿ ಸ್ವಲ್ಪ ಸುಮ್ಮನಿದ್ದು, “ಹಂಗಲ್ಲ ಬರ್ಕೋವ್ವಾ. ಆಕಿ ಕೊಂಡಿ ಹಾಕದಿದ್ರ ನಾ ಮಗ್ಗಕ್ಕ ಇಳಿಯಾಂಗಿಲ್ಲ. ಕೈ ಕಟ್ಕೊಂಡು ಕೂಡೋದ ನಾನು” ಎಂದರು. ತಾಯಿಯ ಮುಖದಲ್ಲಿ ಒಂದು ಸಣ್ಣ ನಗೆ ಹಾದುಹೋಯಿತು. ಬಹುಶಃ ಮನೆಗೆ ಬಂದ ಪರಊರಿನವರ ಎದುರಿಗೆ ಆ ಮಾತನ್ನು ಅವರು ಕೇಳಿದ್ದು ಅದೇ ಮೊದಲಿರಬೇಕು.

ನಮ್ಮ ಪ್ರಶ್ನಾವಳಿಯ ದೋಷ ಇದೇ. ನಾವು ಮಗ್ಗವನ್ನು ಎಣಿಸಿದೆವು, ಮಗ್ಗದ ಮೇಲೆ ಕುಳಿತವನನ್ನು ಎಣಿಸಿದೆವು. ನೂಲನ್ನು ಸುತ್ತಿದವರನ್ನೂ ಹಾಸಿಗೆ ಗಂಜಿ ಕೊಟ್ಟವರನ್ನೂ ಕೊಂಡಿ ಹಾಕಿದವರನ್ನೂ ಬಿಟ್ಟೆವು. ಯಾವ ಕೊಂಡಿಯಿಂದ ಇಳಕಲ್ಲ ಸೀರೆ ಇಳಕಲ್ಲ ಸೀರೆಯೆನಿಸಿತೋ ಆ ಕೊಂಡಿಗೇ ನಮ್ಮ ಕಾಗದದಲ್ಲಿ ಅಂಕಣವಿರಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಬಸ್ಸಿನಲ್ಲಿ ಈ ವಿಷಯವೇ ಚರ್ಚೆಯಾಯಿತು. ನಮ್ಮ ಅಧ್ಯಾಪಕರು ಒಂದು ಮಾತು ಹೇಳಿದರು. ನೇಕಾರರ ಹೆಸರು ನಮ್ಮ ನಾಡಿನ ಶಾಸನಗಳಲ್ಲಿ ಇಲ್ಲವೆಂದಲ್ಲ. ವಿಜಯನಗರದ ಕಾಲದ ಶಾಸನಗಳಲ್ಲಿ ಮಗ್ಗದೆರೆಯ ಪ್ರಸ್ತಾಪ ಬರುತ್ತದೆ. ಅರಸನಿಗೆ ಬೇಕಾದದ್ದು ತೆರಿಗೆ. ತೆರಿಗೆ ಬೀಳುತ್ತಿದ್ದುದು ಮಗ್ಗದ ಮೇಲೆ. ಆದುದರಿಂದ ಶಾಸನ ಬರೆಸಿದವರು ಮಗ್ಗವನ್ನು ಎಣಿಸಿದರು. ಐಹೊಳೆಯ ಐನೂರ್ವರೆಂದು ಹೆಸರಾದ ವರ್ತಕರ ಸಂಘವು ದಕ್ಷಿಣಾಪಥದಲ್ಲೆಲ್ಲ ವ್ಯಾಪಾರ ನಡೆಸಿತು. ಅವರ ಬಿರುದಾವಳಿಗಳು ಕಲ್ಲಿನಲ್ಲಿ ಉಳಿದಿವೆ, ಅವರ ಮಾಲನ್ನು ನೂತವರ ಹೆಸರು ಉಳಿಯಲಿಲ್ಲ. ಆದರೆ ನಮ್ಮ ವಚನಕಾರರ ಮಾತು ಬೇರೆ. ಸುರಪುರದ ಸೀಮೆಯ ಮುದನೂರಿನವನೆಂದು ಪ್ರಸಿದ್ಧನಾದ ಜೇಡರ ದಾಸಿಮಯ್ಯನು ಸ್ವತಃ ನೇಕಾರ. ಕದಿರ ರೆಮ್ಮವ್ವೆಯೆಂಬ ಶರಣೆ ನೂಲುವ ಕಾಯಕದವಳು. ಕದಿರೆಂಬುದು ಆಕೆಯ ಹೆಸರಿನ ಭಾಗವೇ ಆಯಿತು. ಅರಸನ ಲೆಕ್ಕದಲ್ಲಿ ಮಗ್ಗವಿದೆ, ಶರಣರ ಲೆಕ್ಕದಲ್ಲಿ ಕದಿರೂ ಇದೆ. “ನೀವು ಯಾರ ಲೆಕ್ಕವನ್ನು ಅನುಸರಿಸಿದಿರಿ ನೋಡಿಕೊಳ್ಳಿ” ಎಂದು ಅವರು ನಕ್ಕರು. ನಾವು ನಗಲಾರದೆ ಹೋದೆವು.

ಇದು ಬರಿಯ ಮರ್ಯಾದೆಯ ಪ್ರಶ್ನೆಯಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು. ಕೂಲಿ ದೊರೆಯುವುದು ಸೀರೆಗೆ ಇಷ್ಟು ಎಂದು. ಆ ಒಂದು ಕೂಲಿಯೊಳಗೆ ಮುದುಕಿಯ ರಾಟೆ, ತಾಯಿಯ ಕೊಂಡಿ, ಯಜಮಾನನ ಲಾಳಿ ಮೂರೂ ಅಡಗಿವೆ. ಒಬ್ಬನ ಕೂಲಿಯೆಂದು ನೋಡಿದರೆ ಅದು ಅಲ್ಪವೆನಿಸದಿರಬಹುದು. ಮೂವರಿಗೆ ಹಂಚಿ ನೋಡಿದರೆ ಸತ್ಯ ತಿಳಿಯುತ್ತದೆ. ಆ ಮನೆಯ ಮಗನು ಬೆಂಗಳೂರಿನಲ್ಲಿದ್ದಾನೆ. ಮಗ್ಗಕ್ಕೆ ಮರಳುವನೇ ಎಂದು ಕೇಳಿದ್ದಕ್ಕೆ ಹಿರಿಯರು, “ಅವಗ ಅಲ್ಲಿ ತಿಂಗಳಾ ತಿಂಗಳಾ ಪಗಾರ ಐತ್ರಿ. ಇಲ್ಲಿ ಸೀರಿ ಇಳಿದ್ರ ರೊಕ್ಕ” ಎಂದಷ್ಟೇ ಹೇಳಿದರು. ಇದರಲ್ಲಿ ದೂರಿರಲಿಲ್ಲ, ಲೆಕ್ಕವಿತ್ತು.

2019-20ರಲ್ಲಿ ನಡೆದ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ನೇಯುವವರನ್ನು ಮಾತ್ರವಲ್ಲದೆ ನೇಯ್ಗೆಗೆ ಪೂರಕವಾದ ಕೆಲಸ ಮಾಡುವವರನ್ನೂ ಲೆಕ್ಕಕ್ಕೆ ಹಿಡಿಯಿತು. ಆಗ ಸಿಕ್ಕ ಸಂಖ್ಯೆ 35.22 ಲಕ್ಷ, ಅವರಲ್ಲಿ ಪ್ರತಿ ನೂರಕ್ಕೆ 72 ಮಂದಿ ಹೆಂಗಸರು. ಎಲ್ಲ ಕೆಲಸವನ್ನೂ ಕೆಲಸವೆಂದು ಬರೆದಾಗ ಚಿತ್ರ ಹೇಗೆ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೈಮಗ್ಗವನ್ನು ಕಾಪಾಡಲು ಕಾನೂನುಗಳಿಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಶಾಸನ 1985ರಲ್ಲಿ ಬಂತು. 1999ರ ಭೌಗೋಳಿಕ ಸೂಚಿಕೆಗಳ ಶಾಸನದ ಮೇರೆಗೆ ಇಳಕಲ್ಲ ಸೀರೆಯೆಂಬ ಹೆಸರಿಗೇ ನೋಂದಣಿಯ ರಕ್ಷಣೆ ದೊರೆತಿದೆ. 2015ರಿಂದ ಪ್ರತಿವರ್ಷ ಆಗಸ್ಟ್ 7ನ್ನು ಕೈಮಗ್ಗ ದಿನವೆಂದು ಆಚರಿಸಲಾಗುತ್ತಿದೆ. 1905ರ ಅದೇ ದಿನ ಕಲಕತ್ತೆಯಲ್ಲಿ ಸ್ವದೇಶೀ ಚಳವಳಿ ಮೊದಲಾದುದರ ನೆನಪಿಗಾಗಿ. ಇವೆಲ್ಲ ಒಳ್ಳೆಯವೇ. ಆದರೆ ಪೇಟೆಗೆ ಬಂದ ಗಿರಾಕಿಗೆ ಕೊಂಡಿ ಯಾವುದು, ಕೊಂಡಿಯಿಲ್ಲದೆ ಒಂದೇ ಹಾಸಿನಲ್ಲಿ ನೇಯ್ದು ತೋಪುತೆನಿಯ ನೋಟವನ್ನು ಮಾತ್ರ ತಂದ ಸೆರಗು ಯಾವುದು ಎಂಬ ಭೇದ ತಿಳಿಯದಿದ್ದರೆ ಕಾನೂನು ಎಷ್ಟು ಕಾಪಾಡೀತು? ಆದುದರಿಂದ ವಾಚಕರಿಗೆ ಒಂದು ಸುಲಭ ಪರೀಕ್ಷೆಯನ್ನು ಹೇಳುವೆನು. ಸೀರೆಯನ್ನು ಬಿಚ್ಚಿ ಒಡಲೂ ಸೆರಗೂ ಕೂಡುವ ಗೆರೆಯನ್ನು ಬೆಳಕಿಗೆ ಹಿಡಿಯಿರಿ. ಕೊಂಡಿಯ ಸೀರೆಯಾದರೆ ಅಡ್ಡಗೆರೆಯುದ್ದಕ್ಕೂ ಸಣ್ಣ ಕುಣಿಕೆಗಳ ಸಾಲು ಬೆರಳಿಗೂ ಹತ್ತುತ್ತದೆ, ಕಣ್ಣಿಗೂ ಕಾಣುತ್ತದೆ. ಆ ಗೆರೆಯಿಂದಾಚೆಗೆ ಉದ್ದದ ಎಳೆಯೇ ಬೇರೆ ಬಣ್ಣದ್ದಾಗಿರುತ್ತದೆ. ಅದನ್ನು ಕಂಡಮೇಲೆ ಬೆಲೆಯ ಚೌಕಾಶಿಗೆ ಬಾಯಿ ಅಷ್ಟು ಬೇಗ ಬರುವುದಿಲ್ಲವೆಂಬುದು ನನ್ನ ಅನುಭವ.

ನಾವು ಪ್ರಶ್ನಾವಳಿಯನ್ನು ಈಗ ಬದಲಿಸಿದ್ದೇವೆ. “ನೇಯುವವರು ಎಷ್ಟು?” ಎಂಬ ಪ್ರಶ್ನೆಯನ್ನು ಹೊಡೆದುಹಾಕಿ, “ಈ ಸೀರೆ ಎಷ್ಟು ಕೈಗಳನ್ನು ದಾಟಿ ಬಂತು? ಒಬ್ಬೊಬ್ಬರ ಹೆಸರನ್ನೂ ಕೆಲಸವನ್ನೂ ಹೇಳಿರಿ” ಎಂದು ಬರೆದಿದ್ದೇವೆ. ಆ ಮನೆಯ ಹಾಳೆಯನ್ನು ಮತ್ತೊಮ್ಮೆ ಬರೆದೆವು. ಒಂದು ಎಂದಿದ್ದಲ್ಲಿ ಈಗ ಮೂರು ಎಂದಿದೆ. ಮುಂದಿನ ವರ್ಷ ಸಂಘವು ಇದೇ ಹಾಳೆಗಳನ್ನು ಹಿಡಿದು ಗುಳೇದಗುಡ್ಡಕ್ಕೆ ಹೋಗಬೇಕೆಂದು ನಿಶ್ಚಯಿಸಿದೆ. ನಮ್ಮ ಕಾಲೇಜಿನಲ್ಲಿ ನೇಕಾರರ ಮನೆಗಳಿಂದ ಬಂದ ವಿದ್ಯಾರ್ಥಿಗಳು ಅನೇಕರಿದ್ದಾರೆ. ಅವರಲ್ಲಿ ನನ್ನ ಪ್ರಾರ್ಥನೆಯಿಷ್ಟೇ: ರಜೆಗೆ ಊರಿಗೆ ಹೋದಾಗ ತಾಯಿಯ ಬಳಿಯೂ ಅಜ್ಜಿಯ ಬಳಿಯೂ ಕುಳಿತು, ಅವರು ಕೈಯಲ್ಲಿ ಮಾಡುವ ಪ್ರತಿಯೊಂದು ಕೆಲಸದ ಹೆಸರನ್ನು ಕೇಳಿ ಬರೆದುಕೊಂಡು ಬನ್ನಿರಿ. “ನಾ ಏನೂ ಮಾಡಂಗಿಲ್ಲ” ಎಂದು ಅವರು ಹೇಳಿದರೆ, ಲೇಖನಿಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಅವರ ಕೈಗಳನ್ನು ನೋಡಿರಿ. ಆಮೇಲೆ ಬರೆಯಿರಿ.

— ಅಂತಿಮ ಬಿ.ಎ. ವಿದ್ಯಾರ್ಥಿ, ಇತಿಹಾಸ ಸಂಘ